ಡಬಲ್ ಸ್ಲಿಟ್ ಲೆಕ್ಕಕ್ಕೆ ಮಂಗಳೂರಿನ ಕೋಚಿಂಗ್ ಬೇಕಾ? ಅನುಭವ ಇದ್ದವರು ಹೇಳಿ

ಮುಳ್ಳೇರಿಯದ ಅಮ್ಮ: ಮಗಳು ಇಲ್ಲೇ ಕಾಸರಗೋಡಲ್ಲಿ ಪ್ಲಸ್ ಟು (ಕೇರಳದ ಹನ್ನೆರಡನೇ ಕ್ಲಾಸು). ಹತ್ತರವರೆಗೆ ಕನ್ನಡ ಮಾಧ್ಯಮ. ಡಬಲ್ ಸ್ಲಿಟ್ ಡಿಫ್ರಾಕ್ಷನ್ (ಎರಡು ಸಣ್ಣ ಸೀಳುಗಳಲ್ಲಿ ಹಾದ ಬೆಳಕು ಗೋಡೆಯಲ್ಲಿ ಬೆಳಕು-ಕತ್ತಲೆಯ ಪಟ್ಟಿಗಳಾಗುವುದು) ಲೆಕ್ಕ ಬಂದರೆ ಪೆನ್ನು ನಿಲ್ಲುತ್ತದೆ. ಹಳೆಯ ಮುದ್ರಣದ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಸ್ಲಿಟ್‌ಗಳ ಅಂತರ 1 ಮಿ.ಮೀ. ಕೊಟ್ಟಿದ್ದಾರೆ. ಸಿಂಗಲ್ ಸ್ಲಿಟ್ (ಒಂದೇ ಸೀಳು) ಇದ್ದರೆ ಬರುವ ನಡುವಿನ ಅಗಲ ಬೆಳಕಿನೊಳಗೆ ಡಬಲ್ ಸ್ಲಿಟ್‌ನ 10 ಬೆಳಕಿನ ಪಟ್ಟಿ ಬರಲು ಪ್ರತಿ ಸ್ಲಿಟ್ ಎಷ್ಟು ಅಗಲ ಇರಬೇಕು ಅಂತ ಪ್ರಶ್ನೆ. ಉತ್ತರ 0.2 ಮಿ.ಮೀ. ಆದರೆ ಇವಳು ಎಣಿಸಿದರೆ 9 ಪಟ್ಟಿಯೇ ಬರುತ್ತದೆ. ಮಂಗಳೂರಿಗೆ ಕಳಿಸಲಾ?

ಉಪ್ಪಳದ ಅಪ್ಪ: ಕಳಿಸಬೇಡಿ. ನನ್ನ ಮಗನಿಗೆ ಫೀಸು 78,000. ಪುಸ್ತಕಕ್ಕೆ ಬೇರೆ 6,500. ಹಾಸ್ಟೆಲ್ ಅಡ್ವಾನ್ಸ್ 15,000, ಅದರಲ್ಲಿ ಪೇಂಟಿಂಗ್ ಖರ್ಚು ಅಂತ 4,000 ಮುರಿದುಕೊಂಡರು. ಆಪ್ಟಿಕ್ಸ್ (ಬೆಳಕಿನ ಪಾಠ) ಶುರುವಾಗುವಾಗಲೇ ಫಿಸಿಕ್ಸ್ ಸರ್ ಕೆಲಸ ಬಿಟ್ಟರು. ಹೊಸಬರು ಬಂದು ಎರಡು ಸೂತ್ರ ಬೋರ್ಡಲ್ಲಿ ಬರೆದರು, ಮುಗಿಯಿತು. ಡಿ ಸೈನ್ ಥೀಟಾ = ಎನ್ ಲ್ಯಾಂಬ್ಡಾ ಬೆಳಕಿಗೆ, ಎ ಸೈನ್ ಥೀಟಾ = ಎನ್ ಲ್ಯಾಂಬ್ಡಾ ಕತ್ತಲೆಗೆ (ಡಿ ಅಂದರೆ ಎರಡು ಸ್ಲಿಟ್‌ಗಳ ಅಂತರ, ಎ ಒಂದು ಸ್ಲಿಟ್‌ನ ಅಗಲ, ಥೀಟಾ ಕೋನ, ಎನ್ ಎಷ್ಟನೆಯದು, ಲ್ಯಾಂಬ್ಡಾ ಬೆಳಕಿನ ತರಂಗದ ಉದ್ದ). ಒಂದೇ ಥರ ಕಾಣುವ ಎರಡು ಸೂತ್ರ, ಒಂದು ಬೆಳಕಿಗೆ ಒಂದು ಕತ್ತಲೆಗೆ ಯಾಕೆ ಅಂತ ಮಗ ಕೇಳಿದ್ದಕ್ಕೆ ಬಾಯಿಪಾಠ ಮಾಡು ಅಂದರಂತೆ. ಫೀಸು ವಾಪಸ್ ಕೇಳಿದರೆ ರಶೀದಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ತೋರಿಸಿದರು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕುಂಬಳೆ: ಒಂದು ಕಡೆ ಹಾಗಾಯಿತು ಅಂತ ಎಲ್ಲರೂ ಹಾಗೇನಾ? ನನ್ನ ಮಗಳು ದಿನಾ ರೈಲಲ್ಲಿ ಹೋಗಿ ಬಂದು ಕಲಿತಳು. ಮಳೆಗಾಲದಲ್ಲಿ ರೈಲು ಲೇಟಾದರೆ ಮನೆ ಸೇರುವಾಗ ರಾತ್ರಿ. ಆದರೂ ಬಿಡಲಿಲ್ಲ. ಓದುವ ಮಕ್ಕಳು ಎಲ್ಲಿದ್ದರೂ ಓದುತ್ತಾರೆ.

ಉಪ್ಪಳದ ಅಪ್ಪ: ನನ್ನ ಮಗ ಓದಲಿಲ್ಲ ಅಂತ ಹೇಳುವುದಾ ನೀವು? ಅವನ ಮಾರ್ಕು ನೋಡಿದ್ದೀರಾ?

ಬದಿಯಡ್ಕ: ನಾವು ಊರಲ್ಲೇ ನಿವೃತ್ತ ಮಾಷ್ ಒಬ್ಬರ ಹತ್ತಿರ ಕಳಿಸಿದೆವು. ತಿಂಗಳಿಗೆ 800. ಅವರು ಮೊದಲು ಸೂತ್ರ ಮುಟ್ಟಲಿಕ್ಕೇ ಬಿಡುತ್ತಿರಲಿಲ್ಲ. ಚಿತ್ರ ಬಿಡಿಸಿಸುತ್ತಿದ್ದರು. ಮೊದಲು ಸಿಂಗಲ್ ಸ್ಲಿಟ್‌ನ ಬೆಳಕು ಎಲ್ಲಿ ಎಷ್ಟು ಅಂತ ತೋರಿಸುವ ದೊಡ್ಡ ಗುಡ್ಡ, ಪೆನ್ಸಿಲಲ್ಲಿ. ಅದರ ಬುಡ ಎಲ್ಲಿ ನೆಲ ಮುಟ್ಟುತ್ತದೆ ಅಂತ ಗುರುತು. ಆಮೇಲೆ ಆ ಗುಡ್ಡದೊಳಗೆ ಸಣ್ಣ ಪಟ್ಟಿಗಳು. ಗುಡ್ಡದ ಅಗಲ ನಿರ್ಧರಿಸುವುದು ಸ್ಲಿಟ್‌ನ ಅಗಲ, ಪಟ್ಟಿಗಳ ಅಂತರ ನಿರ್ಧರಿಸುವುದು ಎರಡು ಸ್ಲಿಟ್‌ಗಳ ನಡುವಿನ ದೂರ. ಇಷ್ಟು ಗೊತ್ತಾದ ಮೇಲೆ ಮಗ ಎಲ್ಲೂ ತಡವರಿಸಲಿಲ್ಲ. ಸುಮ್ನೆ ಹಣ ಸುರಿದವರಿಗೆ ಇದು ಸಿಗುವುದಿಲ್ಲ.

ಕುಂಬಳೆ: ಸುರಿದವರು ಅಂದರೆ ಯಾರು? ಸಾಲ ಮಾಡಿ ಕಳಿಸಿದ್ದೇವೆ, ಅಕ್ಕ.

ಪೆರ್ಲ (ಎಂ.ಎಸ್ಸಿ. ಓದುತ್ತಿದ್ದೇನೆ): 9 ಸರಿ! ಸ್ಲಿಟ್‌ಗಳ ಅಂತರ ಸ್ಲಿಟ್‌ನ ಅಗಲದ 5 ಪಟ್ಟು. ಹಾಗಾಗಿ ಐದನೇ ಬೆಳಕಿನ ಪಟ್ಟಿ ಸಿಂಗಲ್ ಸ್ಲಿಟ್‌ನ ಮೊದಲ ಕತ್ತಲೆಯ ಮೇಲೇ ಬೀಳುತ್ತದೆ, ಕಾಣುವುದೇ ಇಲ್ಲ. ನಡುವೆ ಒಂದು, ಆಚೆ ನಾಲ್ಕು, ಈಚೆ ನಾಲ್ಕು. ಪುಸ್ತಕ ನಡುವಿನ ಬೆಳಕಿನ ಅಗಲವನ್ನು ಪಟ್ಟಿಗಳ ಅಂತರದಿಂದ ಭಾಗಿಸಿದೆ, ಅದಕ್ಕೆ 10. ನಾನು ಕಲಿತದ್ದು ಮನೆಯಲ್ಲೇ. ಗಾಜಿಗೆ ಚಿಮಣಿಯ ಮಸಿ ಹಿಡಿಸಿ, ಎರಡು ಬ್ಲೇಡ್ ಜೋಡಿಸಿ ಒಟ್ಟಿಗೆ ಗೀರಿದೆ. ಗೀರುಗಳ ಅಂತರ ಸುಮಾರು 0.1 ಮಿ.ಮೀ. ಅದರ ಮೂಲಕ ಕೆಂಪು ಲೇಸರ್ ಹಾಯಿಸಿದೆ, ತರಂಗದ ಉದ್ದ 650 ನ್ಯಾನೋಮೀಟರ್. 3 ಮೀಟರ್ ದೂರದ ಗೋಡೆಯಲ್ಲಿ ಪಟ್ಟಿಗಳ ಅಂತರ ಸುಮಾರು 2 ಸೆಂ.ಮೀ. ಲೇಸರ್ ಕಣ್ಣಿಗೆ ಹೊಡೆಯದ ಹಾಗೆ ನೋಡಿಕೊಳ್ಳಿ.

ಮಂಜೇಶ್ವರ: ಪರೀಕ್ಷೆಯಲ್ಲಿ 9 ಬರೆದು ಮಾರ್ಕು ಹೋದರೆ ನೀವು ಕೊಡುತ್ತೀರಾ? ಪುಸ್ತಕದಲ್ಲಿ ಇದ್ದದ್ದನ್ನೇ ಬರೆಯಬೇಕು. ಉತ್ತರದ ಕೀ ನೋಡಿ ಮಾರ್ಕು ಹಾಕುವವರಿಗೆ ನಿಮ್ಮ ಮಸಿ ಗಾಜು ಬೇಡ.

ಪೆರ್ಲ: ಮಸಿ ಗಾಜಲ್ಲಿ ಕಂಡದ್ದು ಸುಳ್ಳಾಗುತ್ತದಾ? ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ 1800ರ ಆಸುಪಾಸಿನಲ್ಲಿ ಇದನ್ನು ತೋರಿಸಿದ್ದು ಯಾವ ಕೀ ನೋಡಿ?

ಬದಿಯಡ್ಕ: ಇಬ್ಬರೂ ಪ್ರಶ್ನೆ ಓದಿ. ಕೇಳಿದ್ದು ಅಗಲ. 0.2 ಬರೆದರೆ ಸಾಕು.

ಮಂಜೇಶ್ವರ: ನಾನು ಹೇಳಿದ್ದೂ ಅದೇ. ಆದರೆ ಗಡಿ ದಾಟಿ ಕರ್ನಾಟಕದಲ್ಲಿ ಓದಿಸಿದವರು ಇಲ್ಲಿಯ ಪರೀಕ್ಷೆ ಬಗ್ಗೆ ಮಾತಾಡುವುದು ಬೇಡ. ಇಲ್ಲಿ ಕನ್ನಡ ಶಾಲೆಗೆ ಮಕ್ಕಳಿಲ್ಲ ಅಂತ ಗೋಳಾಡುವವರೂ ಅವರೇ.

ಕುಂಬಳೆ: ನನ್ನ ಮಗಳು ಹತ್ತರವರೆಗೆ ಇಲ್ಲೇ ಕನ್ನಡ ಶಾಲೆಯಲ್ಲಿ ಓದಿದವಳು. ನಿಮ್ಮ ಮಕ್ಕಳು ಯಾವ ಮಾಧ್ಯಮ, ಅದನ್ನು ಮೊದಲು ಹೇಳಿ.

ಉಪ್ಪಳದ ಅಪ್ಪ: ಮುಳ್ಳೇರಿಯದವರೇ, ಕಳಿಸುವುದೇ ಆದರೆ ರಶೀದಿಯ ಹಿಂಬದಿ ಓದಿ ಆಮೇಲೆ ಹಣ ಕಟ್ಟಿ.