ಕೋಡಿ (ಹಾಡು, ಸಿನಿಮಾ ಹಾಕುವ ಪ್ರೋಗ್ರಾಂ) 17ನೇ ಆವೃತ್ತಿಯಲ್ಲಿ ಚೆಂಡೆ ಗುಡುಗುತ್ತದೆ, 21ರಲ್ಲಿ ಸಪ್ಪೆ. ಎಂತ ಕಾರಣ?

ಕಲ್ಸಂಕ_ಉಡುಪಿ:
ನಮಸ್ಕಾರ. ನಮ್ಮ ಹಾಲ್‌ನಲ್ಲಿ ಹಳೇ ವಿಂಡೋಸ್ 10 ಲ್ಯಾಪ್‌ಟಾಪ್ ಉಂಟು, ಹೆಡ್‌ಫೋನ್ ಜ್ಯಾಕಿನಿಂದ ಆಂಪ್ಲಿಫೈಯರ್‌ಗೆ ವೈರ್. ಅಪ್ಪನ ಯಕ್ಷಗಾನದ ಕ್ಯಾಸೆಟ್‌ಗಳನ್ನೆಲ್ಲ ಫ್ಲ್ಯಾಕ್ ಮಾಡಿ ಇಟ್ಟಿದ್ದೇನೆ (44.1 ಕಿಲೋಹರ್ಟ್ಸ್, 16 ಬಿಟ್). ಇಷ್ಟು ಕಾಲ ಕೋಡಿ 17 ಇತ್ತು, ಈಗ 21 ಹಾಕಿದೆ. ಚೆಂಡೆಗೆ ಪೆಟ್ಟೇ ಇಲ್ಲ, ಮದ್ದಳೆ ಎಲ್ಲೋ ಹಿಂದೆ ಹೋಗಿ ಕೂತಿದೆ. ಅಪ್ಪ ಒಂದು ಪದ (ಯಕ್ಷಗಾನದ ಹಾಡು) ಕೇಳಿ "ಇದೆಂತದು, ಭಾಗವತರಿಗೆ ಜ್ವರವಾ?" ಅಂದರು. ಹೊಸ ಆವೃತ್ತಿಯಲ್ಲಿ ಧ್ವನಿ ಹಾಳು ಮಾಡಿದ್ದಾರಾ? ಹಿಂದಕ್ಕೆ ಹೋಗುವುದೇ ದಾರಿಯಾ?

ಮಲ್ಪೆ_ಬಂದರು:
ಮೊದಲು ಜ್ಯಾಕಿನ ಪಿನ್ ತೆಗೆದು ನೋಡಿ ಮಾರಾಯ್ರೇ. ನಮ್ಮ ಉಪ್ಪುಗಾಳಿಗೆ ಒಂದು ಮಳೆಗಾಲ ಸಾಕು, ಹಸಿರು ಕಿಲುಬು ಹಿಡಿದಿರುತ್ತದೆ.

ಕದ್ರಿಗುಡ್ಡೆ:
ಕಿಲುಬು ಹಿಡಿದಿದ್ದರೆ 17ರಲ್ಲೂ ಸಪ್ಪೆಯೇ ಕೇಳಬೇಕಿತ್ತಲ್ಲ, ವೈರ್ ಅದೇ ಅಲ್ವಾ.

ಫ್ಲ್ಯಾಕ್ ಅಂದರೆ ಏನೂ ಕಳೆದುಕೊಳ್ಳದ ಸಂಕೋಚನ. ಅದನ್ನು ಯಾವ ಆವೃತ್ತಿ ಬಿಚ್ಚಿದರೂ ಹೊರಗೆ ಬರುವ ಅಂಕಿಗಳು ಒಂದೇ. ವ್ಯತ್ಯಾಸ ಆಗುವುದು ಬಿಚ್ಚಿದ ಮೇಲೆ, ಸ್ಪೀಕರ್ ತಲುಪುವ ದಾರಿಯಲ್ಲಿ. ಹಾಗಾಗಿ ಮೂರು ವಿಷಯ ಹೇಳಿ: ಎರಡರಲ್ಲೂ ಸಿಸ್ಟಮ್ ಸೆಟ್ಟಿಂಗ್ಸ್‌ನ ಆಡಿಯೊ ಪುಟದಲ್ಲಿ ಔಟ್‌ಪುಟ್ ಡಿವೈಸ್ ಎದುರು ಎಂತ ಬರೆದಿದೆ? 21ರಲ್ಲಿ ಪದ ಓಡುತ್ತಿರುವಾಗ ಬ್ರೌಸರ್‌ನಲ್ಲಿ ಬೇರೆ ವಿಡಿಯೊ ಹಾಕಿದರೆ ಅದರ ಸದ್ದು ಬರುತ್ತದಾ? ಮತ್ತೆ, 17ರಲ್ಲಿ ಭಾಗವತರು ಉಸಿರು ತೆಗೆದುಕೊಳ್ಳುವಾಗ ಕ್ಯಾಸೆಟ್ಟಿನ ಸುಯ್ ಸದ್ದು ಏರಿ ಬರುತ್ತದಾ?

ಕಲ್ಸಂಕ_ಉಡುಪಿ:
17ರಲ್ಲಿ ‘ಡೈರೆಕ್ಟ್‌ಸೌಂಡ್’, 21ರಲ್ಲಿ ‘ವಸಾಪಿ’ ಅಂತ ಉಂಟು. ವಸಾಪಿ ಒಳ್ಳೆಯದು ಅಂತ ಎಲ್ಲೋ ಓದಿ ಆರಿಸಿದ್ದು. 21 ಓಡುವಾಗ ಬ್ರೌಸರ್ ಮೂಕ. ಸುಯ್ ಸದ್ದಿನದ್ದು ನಿಮಗೆ ಹೇಗೆ ಗೊತ್ತಾಯ್ತು ಅಣ್ಣ? 17ರಲ್ಲಿ ಪದ ನಿಂತಲ್ಲೆಲ್ಲ ಅದು ಮೇಲೆ ಬರುತ್ತದೆ, 21ರಲ್ಲಿ ಅಷ್ಟಿಲ್ಲ.

ಕದ್ರಿಗುಡ್ಡೆ:
ಹಾಗಾದರೆ ಕಳ್ಳ ಸಿಕ್ಕಿದ. ಕೋಡಿಯಲ್ಲ, ವಿಂಡೋಸ್.

ಡೈರೆಕ್ಟ್‌ಸೌಂಡ್ ಆರಿಸಿದರೆ ಸದ್ದು ವಿಂಡೋಸ್‌ನ ಮಿಕ್ಸರ್ ಮೂಲಕ ಹೋಗುತ್ತದೆ. ಅಲ್ಲಿ ಎಲ್ಲ ಪ್ರೋಗ್ರಾಂಗಳ ಸದ್ದೂ ಒಟ್ಟಾಗುತ್ತದೆ, ಸಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದದ್ದು ಅನ್ನುವ ಲೆಕ್ಕ) ಅಲ್ಲಿ ಇಟ್ಟದ್ದಕ್ಕೆ (ಹೆಚ್ಚಾಗಿ 48 ಕಿಲೋಹರ್ಟ್ಸ್) ಬದಲಾಗುತ್ತದೆ, ಸೌಂಡ್ ಡ್ರೈವರ್‌ನ ‘ಎನ್‌ಹಾನ್ಸ್‌ಮೆಂಟ್ಸ್’ (ಸದ್ದನ್ನು ತಿದ್ದುವ ಆಯ್ಕೆಗಳು) ಕೂಡ ಅಲ್ಲೇ ಸೇರುತ್ತವೆ. ಕೋಡಿ ವಸಾಪಿಯಲ್ಲಿ ಡಿವೈಸನ್ನು ತನಗೊಬ್ಬನಿಗೇ ಹಿಡಿದುಕೊಳ್ಳುತ್ತದೆ, ಮಿಕ್ಸರ್ ಬದಿಗೆ. ನಿಮ್ಮ ಬ್ರೌಸರ್ ಮೂಕವಾದದ್ದು ಅದಕ್ಕೇ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೌಂಡ್ ತೆರೆದು ಸ್ಪೀಕರ್‌ನ ಪ್ರಾಪರ್ಟೀಸ್‌ಗೆ ಹೋಗಿ. ‘ಲೌಡ್‌ನೆಸ್ ಈಕ್ವಲೈಸೇಶನ್’ ಅಥವಾ ‘ಬಾಸ್ ಬೂಸ್ಟ್’ಗೆ ಟಿಕ್ ಬಿದ್ದಿರುತ್ತದೆ ಅಂತ ನನ್ನ ಅಂದಾಜು. ಮೊದಲನೆಯದು ಸಣ್ಣ ಸದ್ದನ್ನು ಎತ್ತುತ್ತದೆ. ಮದ್ದಳೆಯ ಮೆಲು ನುಡಿತ ಮುಂದೆ ಬರುತ್ತದೆ, ಅದರ ಜೊತೆ ಕ್ಯಾಸೆಟ್ಟಿನ ಸುಯ್ಯೂ ಬರುತ್ತದೆ. ಒಟ್ಟು ಸದ್ದು ಜೋರಾದ್ದರಿಂದ ಕಿವಿಗೆ ಅದೇ ಚಂದ ಅನ್ನಿಸುತ್ತದೆ. ಒಂದು ಡೆಸಿಬೆಲ್ ಹೆಚ್ಚಿದ್ದರೂ ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಒಳ್ಳೆಯದು’ ಅನ್ನುತ್ತದೆ. ಅಂತರ್ಜಾಲದಲ್ಲಿ ಹಳೇ-ಹೊಸ ಆವೃತ್ತಿಯ ಧ್ವನಿ ಬಗ್ಗೆ ನಡೆಯುವ ಜಗಳದಲ್ಲಿ ಅರ್ಧಕ್ಕರ್ಧ ಇಷ್ಟೇ.

ನಂಬುವುದು ಬೇಡ, ಅಡ್ಡ ಹಾಕಿ ನೋಡಿ: 17ಕ್ಕೆ ವಸಾಪಿ, 21ಕ್ಕೆ ಡೈರೆಕ್ಟ್‌ಸೌಂಡ್. ಎರಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿ ಇಟ್ಟು, ಶಾರ್ಟ್‌ಕಟ್‌ನ ಕೊನೆಗೆ ‘-ಪಿ’ (ಇಂಗ್ಲಿಷಿನ ಸಣ್ಣ ಅಕ್ಷರ) ಸೇರಿಸಿ ತೆರೆದರೆ ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ತಾಗುವುದಿಲ್ಲ. ಎರಡರ ವಾಲ್ಯೂಮ್ ಪಟ್ಟಿಯೂ 100ರಲ್ಲೇ ಇರಲಿ. ರೀಪ್ಲೇಗೇನ್ (ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಆಯ್ಕೆ) ಎರಡರಲ್ಲೂ ಬಂದ್.

ಸುರತ್ಕಲ್_ಲಿನಕ್ಸ್:
ನಡುವೆ ಬಾಯಿ ಹಾಕುತ್ತೇನೆ. ಆವೃತ್ತಿ ಬದಲಾದರೆ ಏನೂ ಆಗುವುದೇ ಇಲ್ಲ ಅನ್ನುವುದು ಸರಿಯಲ್ಲ. ಇದಕ್ಕೆ ಇನ್ನೂ ಎಕ್ಸ್‌ಬಿಎಂಸಿ ಅಂತ ಹೆಸರಿದ್ದಾಗ, 2013ರ 12ನೇ ಆವೃತ್ತಿಯಲ್ಲಿ ಸದ್ದು ನೋಡಿಕೊಳ್ಳುವ ಹೊಸ ಭಾಗ, ಆಡಿಯೊಎಂಜಿನ್ ಬಂತು, 2014ರ 13ರಲ್ಲಿ ಅದರ ಜಾಗಕ್ಕೆ ಆಕ್ಟಿವ್‌ಎಇ ಬಂತು. 11ನ್ನೂ 13ನ್ನೂ ಹೋಲಿಸುವುದಾದರೆ ಮಾತಿಗೆ ವಿಷಯ ಉಂಟು.

ಕದ್ರಿಗುಡ್ಡೆ:
ಒಪ್ಪಿದೆ. ಆದರೆ ಇಲ್ಲಿರುವುದು 17 ಮತ್ತು 21, ಅದೂ ಸ್ಟೀರಿಯೊ ಫ್ಲ್ಯಾಕ್.

ಕಲ್ಸಂಕ_ಉಡುಪಿ:
ನೋಡಿದೆ. 17ಕ್ಕೆ ವಸಾಪಿ ಹಾಕಿದ ಕೂಡಲೇ ಅದೂ ಸಪ್ಪೆ! 21ಕ್ಕೆ ಡೈರೆಕ್ಟ್‌ಸೌಂಡ್ ಕೊಟ್ಟರೆ ಹಳೇ ಗುಡುಗು ವಾಪಸ್, ಸುಯ್ ಸದ್ದೂ ವಾಪಸ್. ಲೌಡ್‌ನೆಸ್ ಈಕ್ವಲೈಸೇಶನ್‌ಗೆ ಟಿಕ್ ಇತ್ತು. ಟಿಕ್ ತೆಗೆದ ಮೇಲೆ ಕಣ್ಣು ಮುಚ್ಚಿ ಕೇಳಿದರೆ ಯಾವುದು 17, ಯಾವುದು 21 ಅಂತ ನನಗೆ ಹೇಳಲಿಕ್ಕೆ ಆಗುವುದಿಲ್ಲ.

ವಸಾಪಿಯಲ್ಲೇ ಆಂಪ್ಲಿಫೈಯರ್‌ನ ವಾಲ್ಯೂಮ್ ಏರಿಸಿ ಅಪ್ಪನಿಗೆ ಕೇಳಿಸಿದೆ. ಚೆಂಡೆ ಪೆಟ್ಟು ಆಗ ಮೊದಲಿಗಿಂತ ಚುರುಕು, ಏರುಪದದಲ್ಲಂತೂ ರೋಮಾಂಚನ. ಅಪ್ಪನಿಗೆ ಮಾತ್ರ ಟಿಕ್ ಇದ್ದದ್ದೇ ಬೇಕಂತೆ, ಮೆಲ್ಲ ಇಟ್ಟರೂ ಅರ್ಥಗಾರಿಕೆ ಸ್ಪಷ್ಟ ಕೇಳುತ್ತದೆ ಅಂತ. ಹಾಲ್‌ನಲ್ಲಿ 21, ಡೈರೆಕ್ಟ್‌ಸೌಂಡ್, ಟಿಕ್ ಸಮೇತ. ನನ್ನ ರೂಮಿನ ಲ್ಯಾಪ್‌ಟಾಪ್‌ಗೆ ವಸಾಪಿ.

ಕದ್ರಿಗುಡ್ಡೆ:
ಅಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ. ಮೆಲುದನಿಯಲ್ಲಿ ಕೇಳುವವರಿಗೇ ಆ ಸೌಲಭ್ಯ ಇರುವುದು.

ಮಲ್ಪೆ_ಬಂದರು:
ನನ್ನದು ಆಂಡ್ರಾಯ್ಡ್ ಬಾಕ್ಸ್. ಹೊಸ ಕೋಡಿ ಹಾಕಿದ ಮೇಲೆ ಸಿನಿಮಾದ ಮಾತು ಸಣ್ಣ ಕೇಳುತ್ತದೆ. ಅದೂ ಇದೇ ಕಥೆಯಾ?

ಕದ್ರಿಗುಡ್ಡೆ:
ಅಲ್ಲ. 5.1 (ಆರು ಚಾನೆಲ್ ಸದ್ದಿನ) ಸಿನಿಮಾವನ್ನು ಎರಡು ಸ್ಪೀಕರ್‌ಗೆ ಇಳಿಸುವಾಗ ಸದ್ದು ಒಡೆಯದಿರಲಿ ಅಂತ ಕೋಡಿ ಮಟ್ಟ ತಗ್ಗಿಸುತ್ತದೆ. ಅದೇ ಆಡಿಯೊ ಪುಟದಲ್ಲಿ, ಡೌನ್‌ಮಿಕ್ಸ್ ಮಾಡುವಾಗ ಮೂಲ ವಾಲ್ಯೂಮ್ ಉಳಿಸುವ ಆಯ್ಕೆ ಉಂಟು, ಆನ್ ಮಾಡಿ. ಹೊಡೆದಾಟದ ದೃಶ್ಯದಲ್ಲಿ ಸದ್ದು ಕರಕರ ಅಂದರೆ ಮತ್ತೆ ಆಫ್ ಮಾಡಿ ಟಿವಿಯ ವಾಲ್ಯೂಮೇ ಏರಿಸಿ.