ಹೋಪಿ ಊರಿನ ಮುಯ್ಯಾಳು

ಅತ್ತೆ, ನೀವು ಬೆಳಿಗ್ಗೆ ಗ್ರೂಪಿನಲ್ಲಿ ಕೇಳಿದ್ದು ಈಗ ನೋಡಿದೆ. ವಾರ ರಜೆ ಹಾಕಿ ಮರುಭೂಮಿಯಲ್ಲಿ ಮನೆ ಕಟ್ಟಿದೆ ಅಂತೀಯ, ಒಂದು ಫೋಟೋನೂ ಇಲ್ವಲ್ಲ ಅಂತ. ಟೈಪ್ ಮಾಡಿದರೆ ಮುಗಿಯುವ ಕಥೆ ಅಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಅಡುಗೆ ಮಾಡುತ್ತಾ ಕೇಳಿ.

ಫೋಟೋ ಇಲ್ಲ, ಯಾಕೆಂದರೆ ತೆಗೆಯುವ ಹಾಗಿಲ್ಲ. ಹೋಪಿ ಅಂದರೆ ಅಮೆರಿಕದ ಮೂಲನಿವಾಸಿಗಳಲ್ಲಿ ಒಂದು ಜನ. ಅವರ ಊರುಗಳಲ್ಲಿ ಫೋಟೋ, ವಿಡಿಯೋ, ರೆಕಾರ್ಡಿಂಗ್ ಯಾವುದಕ್ಕೂ ಬಿಡುವುದಿಲ್ಲ. ಕೂತು ಚಿತ್ರ ಬಿಡಿಸುವ ಹಾಗೂ ಇಲ್ಲ. ನೂರು ವರ್ಷದ ಹಿಂದೆ ಹೊರಗಿನವರು ಬಂದು ಅವರ ಪೂಜೆ, ಕುಣಿತ ಎಲ್ಲ ಕ್ಯಾಮೆರಾದಲ್ಲಿ ಹಿಡಿದು ಮಾರಿಕೊಂಡರಂತೆ. ಸಾಕಾಗಿದೆ ಅವರಿಗೆ.

ಜಾಗ ಇರುವುದು ಅರಿಜೋನಾದ ಈಶಾನ್ಯಕ್ಕೆ, ನಮ್ಮ ಫೀನಿಕ್ಸಿನಿಂದ ಕಾರಿನಲ್ಲಿ ನಾಲ್ಕೈದು ಗಂಟೆ. ನೆತ್ತಿ ಚಪ್ಪಟೆಯಾದ ಮೂರು ಗುಡ್ಡ, ಮೇಸಾ ಅನ್ನುತ್ತಾರೆ. ಅವುಗಳ ಮೇಲೆ, ಬುಡದಲ್ಲಿ ಊರುಗಳು. ಒರೈಬಿ ಅಂತ ಒಂದು ಊರಿದೆ, ನಮ್ಮಲ್ಲಿ ಬೇಲೂರು ದೇವಸ್ಥಾನ ಕಟ್ಟಿದ ಕಾಲದಿಂದಲೂ ಅಲ್ಲಿ ಜನ ಬಿಡದೆ ವಾಸ ಇದ್ದಾರೆ.

ಸೇವೆಗೆ ಅಂತ ಹೋಗಿದ್ದ ನಾವು ಅಲ್ಲಿನ ಒಂದು ಮನೆಯವರಿಗೆ ಕಟ್ಟಿದ್ದು ಹುಲ್ಲಿನ ಗೋಡೆಯ ಮನೆ. ದನ ತಿಂದು ಹೋಗಲ್ವಾ ಅಂತ ಮಾವ ಆಗಲೇ ನಗುತ್ತಿರಬಹುದು! ಕಾಳು ಬೇರೆ ಮಾಡಿದ ಒಣ ಹುಲ್ಲನ್ನು ಯಂತ್ರದಲ್ಲಿ ಒತ್ತಿ ಪೆಂಡಿ ಕಟ್ಟಿರುತ್ತಾರೆ. ಅದನ್ನು ಇಟ್ಟಿಗೆ ಹಾಗೆ ಪೇರಿಸಿ, ಎರಡೂ ಕಡೆ ಜಾಲರಿ ಬಿಗಿದು ಗಾರೆ ಮೆತ್ತುವುದು. ಗೋಡೆ ಒಂದೂವರೆ ಅಡಿ ದಪ್ಪ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಸೌದೆ, ಕಲ್ಲಿದ್ದಲು ಉರಿಸಿ ಮೈ ಕಾಯಿಸಿಕೊಳ್ಳುವ ಮನೆಗಳೇ ಜಾಸ್ತಿ. ಈ ಗೋಡೆ ಇದ್ದರೆ ಉರುವಲು ಕಡಿಮೆ ಸಾಕು.

ನನ್ನ ಪಾಲಿಗೆ ಬಂದಿದ್ದು ದಬ್ಬಣದ ಕೆಲಸ. ಸಾಲಿನ ತುದಿಗೆ ಅರ್ಧ ಪೆಂಡಿ ಬೇಕಾಗುತ್ತದೆ. ಸುಮ್ನೆ ಕತ್ತರಿಸಿದರೆ ಹುಲ್ಲೆಲ್ಲ ಚೆಲ್ಲಾಪಿಲ್ಲಿ. ಮೊಳಕ್ಕಿಂತ ಉದ್ದದ ದಬ್ಬಣದಲ್ಲಿ ಪೆಂಡಿಯ ನಡುವೆ ಹೊಸ ಹುರಿ ಪೋಣಿಸಿ, ಎರಡು ಕಡೆ ಬಿಗಿದು ಕಟ್ಟಿ, ಆಮೇಲೆ ಹಳೆ ಹುರಿ ಕೊಯ್ಯಬೇಕು. ಮೊದಲ ದಿನ ಆರು ಪೆಂಡಿ ಹಾಳು ಮಾಡಿದೆ. ಆ ಮನೆಯ ಅಜ್ಜಿ ಬಂದು ಗಂಟು ಹಾಕುವುದು ತೋರಿಸಿಕೊಟ್ಟರು.

ಅಲ್ಲಿ ಮನೆ ಹೆಂಗಸರದ್ದು. ಕುಲವೂ ತಾಯಿ ಕಡೆಯಿಂದಲೇ. ಉಡುಪಿಯ ಅತ್ತಿಗೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅವರ ಅಳಿಯಕಟ್ಟಿನ ‘ಬಳಿ’, ಅಂದರೆ ತಾಯಿಯಿಂದ ಬರುವ ಕುಲದ ಲೆಕ್ಕವೇ ನೆನಪಾಯಿತು. ಬಾಗಿಲು ಎಲ್ಲಿ, ಒಲೆ ಎಲ್ಲಿ ಅಂತ ಅಜ್ಜಿ ಹೇಳಿದ ಮೇಲೆ ಇಂಜಿನಿಯರನೂ ತುಟಿ ಬಿಚ್ಚಲಿಲ್ಲ.

ಮೂರನೇ ದಿನ ಮಧ್ಯಾಹ್ನ ಮೋಡ ಕವಿಯಿತು. ಪೆಂಡಿ ನೆನೆದರೆ ಕೊಳೆಯುತ್ತದೆ, ನಾವೆಲ್ಲ ಟಾರ್ಪಾಲು ಹಿಡಿದು ಓಡಿದೆವು. ಓಡುತ್ತಾ ನಾನು ಹಾಳು ಮಳೆ ಅಂತ ಬೈದುಬಿಟ್ಟೆ, ಅದೂ ಇಂಗ್ಲಿಷಿನಲ್ಲಿ. ಅಜ್ಜಿಯ ತಮ್ಮ ಅಲ್ಲೇ ನಿಂತಿದ್ದರು. ಹೊದಿಸಿ ಮುಗಿಯುವ ತನಕ ಸುಮ್ಮನಿದ್ದು ಆಮೇಲೆ ಮೆಲ್ಲಗೆ, ಇಲ್ಲಿ ಮಳೆಗೆ ಹಾಗೆ ಅನ್ನಬಾರದು ಮಗಾ, ಅಂದರು. ನಾಚಿಕೆ ಆಯಿತು ಅತ್ತೆ. ಅವರಿಗೆ ವರ್ಷಕ್ಕೆ ಬೀಳುವುದೇ ಹತ್ತಿಂಚು ಆಸುಪಾಸು. ಆಗುಂಬೆಯ ಜೋರು ಮಳೆಗಾಲದಲ್ಲಿ ಎರಡು ದಿನದ ಲೆಕ್ಕ ಅದು. ಅಷ್ಟರಲ್ಲೇ, ನೀರು ಹಾಯಿಸದೆ, ಕೋಲಿನಲ್ಲಿ ಗೇಣುದ್ದ ಗುಂಡಿ ತೋಡಿ ಮೆಕ್ಕೆಜೋಳ ಬಿತ್ತಿ ಬೆಳೆಯುತ್ತಾರೆ. ಅವರು ಪೂಜೆ ಮಾಡುವುದೂ ಮಳೆಗಾಗಿಯೇ.

ಊಟದ ವಿಷಯ ಹೇಳಲೇಬೇಕು. ನಾವು ಸೇವೆಗೆ ಬಂದವರು ಅಂತ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಅದನ್ನು ಬಿಚ್ಚಲು ಬಿಡಲೇ ಇಲ್ಲ. ಕೆಲಸಕ್ಕೆ ಬಂದವರಿಗೆ ಉಣ್ಣಿಸುವುದು ಮನೆಯವರ ಕೆಲಸವಂತೆ. ಪಿಕಿ ಅಂತ ಮಾಡುತ್ತಾರೆ, ನೀಲಿ ಮೆಕ್ಕೆಜೋಳದ ಹಿಟ್ಟಿಗೆ ಬೂದಿ ಬೆರೆಸಿ, ಕಾದ ಕಲ್ಲಿನ ಮೇಲೆ ಬರಿಗೈಯಲ್ಲೇ ಸವರುವುದು. ನಿಮ್ಮ ನೀರುದೋಸೆಗಿಂತ ತೆಳು. ಬೇಜಾರು ಮಾಡ್ಕೋಬೇಡಿ.

ಎಲ್ಲರೂ ಸೇರಿ ಎಲ್ಲರಿಗಾಗಿ ಕೆಲಸ ಮಾಡುವುದಕ್ಕೆ ಅವರಲ್ಲಿ ಸುಮಿನಾಂಗ್ವಾ ಅನ್ನುತ್ತಾರೆ. ನಮ್ಮ ತೀರ್ಥಹಳ್ಳಿ ಕಡೆ ಮುಯ್ಯಾಳು ಇತ್ತು ಅಂದೆ, ಇವತ್ತು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಅಜ್ಜಿ ತಲೆಯಾಡಿಸಿ, ಹಾಗಾದರೆ ನಿನ್ನ ಮುಯ್ಯಿ ಯಾವಾಗ ತೀರಿಸಲಿ, ನಿಮ್ಮೂರು ಎಷ್ಟು ದೂರ, ಅಂತ ನಕ್ಕರು. ಆಮೇಲೆ ಕೇಳಿದರು, ನಿಮ್ಮಲ್ಲಿ ಬಂದ ಆಳುಗಳಿಗೆ ಏನು ಅಡುಗೆ ಮಾಡುತ್ತಿದ್ದರು ಅಂತ. ನನಗೆ ಗೊತ್ತಿಲ್ಲ. ನಾನು ಹುಟ್ಟುವ ಹೊತ್ತಿಗೆ ನಮ್ಮನೆಗೆ ಹೆಂಚು ಬಂದಿತ್ತು, ಸೋಗೆ ಹೊದಿಸಲು ಮುಯ್ಯಾಳು ಬರುವುದು ನಿಂತಿತ್ತು. ಹಳೆ ಮನೆಗೆ ಸೋಗೆ ಹೊದಿಸುವ ದಿನ ಅಮ್ಮಮ್ಮ ಏನು ಮಾಡುತ್ತಿದ್ದರು ಅತ್ತೆ? ನಿಮಗೆ ನೆನಪಿರಬೇಕು. ವಾಯ್ಸ್ ಮೆಸೇಜೇ ಹಾಕಿ, ಅಕ್ಟೋಬರಿನಲ್ಲಿ ಗಾರೆಗೆ ಹೋದಾಗ ಅಜ್ಜಿಗೆ ಹೇಳಬೇಕು.