ಕೊನೆಯವರೆಗೆ ಉಳಿದವರು ಏಳು ಮಂದಿ

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು 'ವಾಡೆ'. ಅಥಣಿ ಕಡೆಯ ಊರಿನಲ್ಲಿರುವ ಹಳೆಯ ಮನೆಯನ್ನು ಹಾಗೆ ಕರೆಯುತ್ತೇವೆ. ಅಲ್ಲಿ ಈಗ ಅಣ್ಣ ಮತ್ತು ವೈನಿ (ಅತ್ತಿಗೆ) ಇಬ್ಬರೇ. ಉಳಿದವರೆಲ್ಲ ಪುಣೆಯಲ್ಲಿ ಚದುರಿದ್ದೇವೆ: ಕಾಕಾ ಚಿಂಚವಡದಲ್ಲಿ, ಅಕ್ಕ ಹಡಪಸರದಲ್ಲಿ, ನಾನು ಕೋಥರೂಡಿನಲ್ಲಿ. ಗುಂಪಿನಲ್ಲಿ ಹುಟ್ಟುಹಬ್ಬ, ಸಂಕಷ್ಟಿ, ಯಾರದೋ ಮೊಣಕಾಲು ನೋವು ಬಿಟ್ಟರೆ ಬೇರೆ ಸುದ್ದಿ ಕಡಿಮೆ. ಕಳೆದ ಭಾನುವಾರ ಮಾತ್ರ ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದವರೆಗೆ ಜಗಳ ನಡೆಯಿತು. ಅದನ್ನೇ ಇಲ್ಲಿ ಇಳಿಸುತ್ತಿದ್ದೇನೆ. ಭಾಷೆಯನ್ನು ಸ್ವಲ್ಪ ತಿದ್ದಿದ್ದೇನೆ. ಕಾಕಾ ಕಳಿಸುವುದು ಧ್ವನಿ ಸಂದೇಶ, ಅದರಲ್ಲಿ ಅರ್ಧ ಕೆಮ್ಮಿರುತ್ತದೆ.

ಜಗಳದ ಮೂಲ ಕಾಕಾ ಹಾಕಿದ ಒಂದು ಚಿತ್ರ. ಹಳದಿ ಹಿನ್ನೆಲೆ, ಕೆಂಪು ಅಕ್ಷರ: 'ಅಮೆರಿಕದ ಉತ್ತರ ಕೆರೊಲಿನಾ. ನಿರುದ್ಯೋಗಿಗಳು ಸುಮಾರು 5 ಲಕ್ಷ. ಹೊಲದ ಕೆಲಸ 6,500. ಹಂಗಾಮು ಮುಗಿಯುವವರೆಗೆ ದುಡಿದವರು 7. ಸೋಮಾರಿತನಕ್ಕೆ ದೇಶವಿಲ್ಲ, ಭಾಷೆಯಿಲ್ಲ!'

ಕಾಕಾ: ಎಲ್ಲರೂ ಓದಿರಿ. ವಿಶೇಷವಾಗಿ ತರುಣರು.

ನಮ್ಮ ಗುಂಪಿನಲ್ಲಿ ತರುಣ ಎಂದರೆ ಒಬ್ಬನೇ, ಅಕ್ಕನ ಮಗ. ಎಂಜಿನಿಯರಿಂಗ್ ಮುಗಿಸಿ ಹದಿನಾಲ್ಕು ತಿಂಗಳಾಯಿತು, ಕೆಲಸ ಸಿಕ್ಕಿಲ್ಲ. ಅಮೆರಿಕದ ಕಡೆಗೆ ಬಿಟ್ಟ ಬಾಣ ಹಡಪಸರದಲ್ಲಿ ಬಿತ್ತು.

ಅಕ್ಕ: ಕಾಕಾ, ಹೇಳುವುದಿದ್ದರೆ ನೇರವಾಗಿ ಹೇಳಿರಿ. ಅಷ್ಟು ದೂರ ಸುತ್ತಿಕೊಂಡು ಬರಬೇಡಿರಿ.

ಕಾಕಾ: ನಾನು ಯಾರ ಹೆಸರನ್ನೂ ತೆಗೆದಿಲ್ಲವಮ್ಮ.

ಅಣ್ಣ: ತೆಗೆದರೂ ತಪ್ಪೇನಿಲ್ಲ. ನಾಲ್ಕು ಎಕರೆ ಕಬ್ಬು ನಿಂತಿದೆ. ಸೂಲಂಗಿ (ಕಬ್ಬಿನ ಹೂ) ಒಡೆದು ದಿನದಿನಕ್ಕೆ ತೂಕ ಇಳಿಯುತ್ತಿದೆ. ಕೂಲಿಯವರನ್ನು ಕರೆತರುವ ಮುಕಾದಮ ಫೋನ್ ಎತ್ತುತ್ತಿಲ್ಲ. ಇಲ್ಲಿ ಪಂಚಾಯಿತಿ ಕಟ್ಟೆಯ ಮೇಲೆ ನಲವತ್ತು ಹುಡುಗರು ಮೊಬೈಲ್ ಉಜ್ಜುತ್ತ ಕುಳಿತಿದ್ದಾರೆ. ಒಬ್ಬನೂ ಕಬ್ಬು ಕಡಿಯುವ ಕೊಯ್ತಾ ಮುಟ್ಟುವುದಿಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯುವವರ ಟೋಳಿ ಯಾವಾಗ ಬರುತ್ತದೆ ಎಂದು ನಾನು ದಾರಿ ಕಾಯಬೇಕು.

ಕಾಕಾ: ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ. ಬೆನ್ನು ಬಗ್ಗಿಸುವವರು ಯಾರು?

ನಾನು: ಕಾಕಾ, ಅನ್ನಭಾಗ್ಯ ಬಂದದ್ದು 2013ರಲ್ಲಿ. ನಮ್ಮ ಹೊಲಕ್ಕೆ ಬೀಡಿನ ಟೋಳಿ ಬರಲು ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಆಗ ಕಟ್ಟೆಯ ಮೇಲೆ ಕುಳಿತವರ ಕೈಯಲ್ಲಿ ಮೊಬೈಲ್ ಬದಲು ಇಸ್ಪೀಟು ಇತ್ತು, ಅಷ್ಟೇ ವ್ಯತ್ಯಾಸ.

ಕಾಕಾ ಇದಕ್ಕೆ ಉತ್ತರಿಸಲಿಲ್ಲ. ಉತ್ತರವಿಲ್ಲದಾಗ ಅವರು ಅದೇ ಚಿತ್ರವನ್ನು ಇನ್ನೊಮ್ಮೆ ಹಾಕುತ್ತಾರೆ, ಹಾಕಿದರು. ಇಷ್ಟು ಹೊತ್ತು ಸುಮ್ಮನಿದ್ದ ಅಳಿಯ, ಅಂದರೆ ಅಕ್ಕನ ಮಗ, ಆಗ ಬಾಯಿ ತೆರೆದ.

ಅಳಿಯ: ಅಜ್ಜ, ಆ ಲೆಕ್ಕ ಸುಳ್ಳಲ್ಲ, ಆದರೆ ನಡುವಿನ ಮೆಟ್ಟಿಲುಗಳನ್ನು ಬಿಟ್ಟಿದ್ದಾರೆ. ಅದು 2011ರ ಮಾತು. ಅಲ್ಲಿನ ಬೆಳೆಗಾರರ ಸಂಘದ ದಾಖಲೆ ಹಿಡಿದು ಮೈಕೆಲ್ ಕ್ಲೆಮೆನ್ಸ್ ಎಂಬ ಅರ್ಥಶಾಸ್ತ್ರಜ್ಞ 2013ರಲ್ಲಿ ಬರೆದದ್ದು. ನಿರುದ್ಯೋಗಿಗಳು 4 ಲಕ್ಷ 89 ಸಾವಿರ. ಕೆಲಸ ಕೇಳಿ ಬಂದವರು 268. ಅವರಲ್ಲಿ 245 ಜನರನ್ನು ತೆಗೆದುಕೊಂಡರು. ಮೊದಲ ದಿನ ಹೊಲಕ್ಕೆ ಬಂದವರು 163. ಕೊನೆಗೆ 7. ಬೆಳೆ ತಂಬಾಕು, ಸೌತೆಕಾಯಿ, ಗೆಣಸು ಇಂಥವು. ಕೂಲಿ ಗಂಟೆಗೆ 9 ಡಾಲರ್ ಚಿಲ್ಲರೆ.

ಕಾಕಾ: ಮೆಟ್ಟಿಲು ಎಣಿಸಿಕೊಂಡು ಇಳಿದರೂ ಕೆಳಗೆ ಸಿಗುವುದು ಏಳೇ ಅಲ್ಲವೇ? ಅದೇ ಹೊಲದಲ್ಲಿ ಮೆಕ್ಸಿಕೊದವರು ಎಷ್ಟು ಜನ ಉಳಿದರು, ಅದನ್ನೂ ಹೇಳು.

ಅಳಿಯ: ಹತ್ತರಲ್ಲಿ ಒಂಬತ್ತು ಜನ ಉಳಿದರು.

ಕಾಕಾ: ನೋಡು ಮತ್ತೆ!

ಅಳಿಯ: ಉಳಿದದ್ದು ಏಕೆ ಎಂದು ಕೇಳಿರಿ ಅಜ್ಜ. ಅವರು ಬರುವುದು ಎಚ್-2ಎ ಎಂಬ ವೀಸಾದ ಮೇಲೆ. ಅದು ಒಬ್ಬನೇ ಮಾಲೀಕನಿಗೆ ಕಟ್ಟಿದ್ದು. ಕೆಲಸ ಬಿಟ್ಟರೆ ಪಕ್ಕದ ಹೊಲಕ್ಕೆ ಹೋಗುವಂತಿಲ್ಲ, ಊರಿಗೆ ಮರಳಬೇಕು. ಆ 9 ಡಾಲರ್ ಮೆಕ್ಸಿಕೊದ ಹಳ್ಳಿ ಮುಟ್ಟುವಾಗ ಹಲವು ಪಟ್ಟು ಬೆಲೆಯದಾಗುತ್ತದೆ. ಕೆರೊಲಿನಾದವನಿಗೆ ಅದು ಬರೀ 9 ಡಾಲರ್, ಬಾಡಿಗೆಯನ್ನೂ ಅಲ್ಲಿಯೇ ಕಟ್ಟಬೇಕು. ಹಂಗಾಮು ಮುಗಿದ ಮರುದಿನ ಅವನು ಮತ್ತೆ ನಿರುದ್ಯೋಗಿ. ನಡುವೆ ಬೇರೆ ಕಡೆಯಿಂದ ಸಂದರ್ಶನಕ್ಕೆ ಕರೆ ಬಂದರೆ ತಂಬಾಕಿನ ಸಾಲಿನಲ್ಲಿ ನಿಂತವನು ಹೋಗುವುದು ಹೇಗೆ?

ಈ ಕೊನೆಯ ಸಾಲು ಕೆರೊಲಿನಾದವನದಲ್ಲ ಎಂದು ನನಗೆ ತಿಳಿಯಿತು. ಅಕ್ಕನಿಗೂ ತಿಳಿದಿರಬೇಕು, ಅವಳು ಹತ್ತು ನಿಮಿಷ ಏನೂ ಬರೆಯಲಿಲ್ಲ.

ಅಣ್ಣ: ಅಮೆರಿಕ ಬಿಡಿರಿ. ಹೋದ ವರ್ಷ ಟೋಳಿ ತಡವಾಯಿತೆಂದು ಊರಿನ ಆರು ಹುಡುಗರನ್ನು ಕೈಕಾಲು ಹಿಡಿದು ಕರೆತಂದೆ. ಬುಡದಲ್ಲಿ ಗೇಣುದ್ದ ಬಿಟ್ಟು ಕಡಿದರು. ಸಕ್ಕರೆ ಹೆಚ್ಚಿರುವುದೇ ಬುಡದಲ್ಲಿ. ತೂಕವೂ ಹೋಯಿತು, ಕಡಿದ ಬುಡದಿಂದ ಬರುವ ಕೂಳೆಯೂ ಸರಿಯಾಗಿ ಚಿಗುರಲಿಲ್ಲ. ಮೂರನೆಯ ದಿನ ಒಬ್ಬನೂ ಇಲ್ಲ.

ನಾನು: ಹಾಗಾದರೆ ಇದು ಕಲಿತು ಮಾಡುವ ಕೆಲಸ ಎಂದಾಯಿತಲ್ಲ, ಅಣ್ಣ. ಬಗ್ಗಿ ಕಡಿದರೆ ಆಯಿತು ಎಂದು ನಾವು ತಿಳಿದಿದ್ದೇವೆ.

ಇಲ್ಲಿ ನನ್ನದೊಂದು ಪ್ರಸಂಗ ಹೇಳಬೇಕು. ಬಿ.ಕಾಂ. ಪರೀಕ್ಷೆ ಮುಗಿದ ವರ್ಷ ಅಣ್ಣನ ಜೊತೆ ಪಣ ಕಟ್ಟಿ ಕಬ್ಬಿನ ಸಾಲಿಗೆ ಇಳಿದಿದ್ದೆ. ಎಡಗೈಯಲ್ಲಿ ಜಲ್ಲೆ ಹಿಡಿಯಬೇಕು, ಬಲಗೈಯ ಕೊಯ್ತಾ ಮಣ್ಣಿಗೆ ಸಮನಾಗಿ ಬೀಳಬೇಕು, ಎತ್ತಿದ ಜಲ್ಲೆಯ ರವದಿಯನ್ನು (ಒಣಗರಿ) ಎರಡೇ ಏಟಿಗೆ ಸುಲಿಯಬೇಕು, ತುದಿಯ ಸೋಗೆ ಕತ್ತರಿಸಿ ಹಿಂದಕ್ಕೆ ಹಾಕಬೇಕು. ನನ್ನ ಪಕ್ಕದ ಸಾಲಿನಲ್ಲಿದ್ದ ಹೆಂಗಸು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಮಾಡುತ್ತ ಮುಂದೆ ಹೋಗಿಬಿಟ್ಟಳು. ಗರಿಯ ಅಂಚು ಮುಂಗೈಯನ್ನು ಸಣ್ಣಗೆ ಗೀರಿತು. ಕುತ್ತಿಗೆಗೆ ಅಂಟಿದ ಸುಂಕು, ಗರಿಯ ಸಣ್ಣ ಮುಳ್ಳುಗೂದಲು, ಬೆವರಿನೊಂದಿಗೆ ಸೇರಿ ಉರಿಯಿತು. ಹನ್ನೊಂದು ಗಂಟೆಗೆ ಬದುವಿನ ಮೇಲೆ ಕುಳಿತವನು ಮತ್ತೆ ಏಳಲಿಲ್ಲ. ಆ ಹೆಂಗಸು ಹಿಂದಿರುಗಿ, ನಾನು ಕಡಿದ ಬುಡಗಳನ್ನೆಲ್ಲ ಇನ್ನೊಮ್ಮೆ ನೆಲಮಟ್ಟಕ್ಕೆ ಸವರಿದಳು. ಕೂಲಿ ಅವಳಿಗೆ ಟನ್ನಿನ ಲೆಕ್ಕದಲ್ಲಿ. ನನ್ನ ಅಚಾತುರ್ಯ ತಿದ್ದಿದ ಹೊತ್ತಿಗೆ ಯಾರೂ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಇದನ್ನು ಗುಂಪಿನಲ್ಲಿ ಬರೆದಾಗ ಅಣ್ಣ ನಗುವ ಮುಖ ಹಾಕಿದ. ಪಣದ ಐವತ್ತು ರೂಪಾಯಿ ಇನ್ನೂ ಬಾಕಿ ಇದೆಯಂತೆ.

ಕಾಕಾ: ಹೊಟ್ಟೆಗೆ ಇಲ್ಲದಿದ್ದರೆ ನೀನೂ ಹನ್ನೊಂದಕ್ಕೆ ಕೂರುತ್ತಿರಲಿಲ್ಲ. ಉಪವಾಸ ಬಿದ್ದವನು ಎಲ್ಲವನ್ನೂ ಕಲಿಯುತ್ತಾನೆ.

ವೈನಿ: ಅಂದರೆ ಕಬ್ಬು ಕಡಿಸುವ ಸಲುವಾಗಿ ಊರನ್ನೇ ಉಪವಾಸ ಕೆಡವಬೇಕೇ, ಮಾವನವರೇ?

ವೈನಿ ಗುಂಪಿನಲ್ಲಿ ಬರೆಯುವುದು ಅಪರೂಪ. ಬರೆದರೆ ನಾವೆಲ್ಲ ಎದ್ದು ಕೂರುತ್ತೇವೆ.

ವೈನಿ: ಟೋಳಿಯವರು ನಮ್ಮ ಬಾವಿಯ ಬಳಿಯೇ ತಾಡಪತ್ರಿಯ ಗುಡಿಸಲು ಹಾಕುತ್ತಾರೆ, ಹಾಗಾಗಿ ನಾನು ದಿನವೂ ನೋಡುತ್ತೇನೆ. ಹೆಂಗಸರು ರಾತ್ರಿ ಮೂರಕ್ಕೆ ಎದ್ದು ರೊಟ್ಟಿ ಬಡಿಯುತ್ತಾರೆ. ಬೆಳಕು ಹರಿಯುವ ಮೊದಲೇ ಹೊಲಕ್ಕೆ. ಗಂಡ ಕಡಿದದ್ದನ್ನು ಹೊರೆ ಕಟ್ಟಿ, ತಲೆಯ ಮೇಲಿಟ್ಟುಕೊಂಡು ಹಲಗೆ ಏರಿ ಟ್ರೇಲರಿಗೆ ಹಾಕುತ್ತಾರೆ. ಟ್ರ್ಯಾಕ್ಟರ್ ನಡುರಾತ್ರಿ ಬಂದರೆ ನಡುರಾತ್ರಿ ಏಳಬೇಕು. ಗಂಡ ಹೆಂಡತಿ ಸೇರಿ ಲೆಕ್ಕಕ್ಕೆ ಒಂದು ಕೊಯ್ತಾ; ಉಚಲ್, ಅಂದರೆ ಮುಂಗಡ ಹಣ, ಗಂಡನ ಕೈಗೆ. ಒಂದು ದಿನ ಮಲಗಿದರೆ ಖಾಡಾ ಎಂದು ದಂಡ. ತಿಂಗಳ ಆ ನಾಲ್ಕು ದಿನವೂ ಅಷ್ಟೇ. ಬೀಡಿನ ಹೆಂಗಸರ ಗರ್ಭಕೋಶದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತಲ್ಲ, ನೀವು ಓದಿರಬೇಕು.

ಓದಿದ್ದೆವು. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿ ಬೀಡ್ ಜಿಲ್ಲೆಯಲ್ಲಿ 82 ಸಾವಿರ ಹೆಂಗಸರ ಸಮೀಕ್ಷೆ ಮಾಡಿತ್ತು. 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ನಾನು ಆ ಸಂಖ್ಯೆಯನ್ನು ಗುಂಪಿನಲ್ಲಿ ಹಾಕಿದೆ. ಕಾಕಾ ಹಳದಿ ಚಿತ್ರವನ್ನು ಮೂರನೆಯ ಬಾರಿ ಹಾಕಲಿಲ್ಲ.

ಅಳಿಯ: ದೊಡ್ಡಮಾಮಾ, ಒಂದು ಲೆಕ್ಕ ಹಾಕಲೇ? 2024ರ ಜನವರಿಯಲ್ಲಿ ಮಹಾರಾಷ್ಟ್ರದಲ್ಲಿ ಕಟಾವಿನ ದರ 34 ಪ್ರತಿಶತ ಏರಿ ಟನ್ನಿಗೆ 366 ರೂಪಾಯಿ ಆಯಿತು. ಒಂದು ಜೋಡಿ ದಿನಕ್ಕೆ ಎರಡು ಟನ್ ಕಡಿದರೆ ಇಬ್ಬರಿಗೂ ಸೇರಿ 732. ತಲೆಗೆ 366. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿಯೇ 349 ಇತ್ತು. ಹದಿನೇಳು ರೂಪಾಯಿ ಹೆಚ್ಚಿಗೆ ಕೊಟ್ಟು ನಡುರಾತ್ರಿ ಟ್ರೇಲರ್ ತುಂಬು ಎಂದರೆ ಕಟ್ಟೆಯ ಮೇಲಿನವನು ಏಕೆ ಏಳಬೇಕು?

ಅಣ್ಣ: ಬೀಡಿನವನಾದರೂ ಏಕೆ ಏಳುತ್ತಾನೆ ಹಾಗಾದರೆ?

ಅಳಿಯ: ಉಚಲ್‌ಗಾಗಿ, ಮಾಮಾ. ಜೋಡಿಗೆ ಲಕ್ಷದ ಆಸುಪಾಸು ದಸರೆಗೂ ಮುಂಚೆ ಕೈಗೆ ಬಂದು ಖರ್ಚೂ ಆಗಿರುತ್ತದೆ. ಮದುವೆಗೋ ಆಸ್ಪತ್ರೆಗೋ ಹೋಗಿರುತ್ತದೆ. ಆಮೇಲೆ ಬಿಟ್ಟು ಹೋಗುವ ಮಾತೇ ಇಲ್ಲ. ಮೆಕ್ಸಿಕೊದವನಿಗೆ ವೀಸಾ, ಬೀಡಿನವನಿಗೆ ಉಚಲ್. ಬಿಟ್ಟು ಹೋಗಬಲ್ಲವನು ಬಿಟ್ಟು ಹೋಗುತ್ತಾನೆ, ಅವನಿಗೆ ನಾವು ಸೋಮಾರಿ ಎನ್ನುತ್ತೇವೆ.

ಅಣ್ಣನ ಪರವಾಗಿಯೂ ಒಂದು ಮಾತು ಹೇಳಬೇಕು. ಉಚಲ್ ಪಡೆದ ಮುಕಾದಮ ಬಾರದೆ ಹೋದರೆ ಹಣ ಮುಳುಗುವುದು ಟ್ರ್ಯಾಕ್ಟರಿನವನದು, ಒಣಗುವುದು ರೈತನ ಕಬ್ಬು. ಯಂತ್ರ ತರಿಸಿ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಕೋಟಿ ರೂಪಾಯಿಯ ಆ ಯಂತ್ರ ನಮ್ಮ ತುಂಡು ಹೊಲದಲ್ಲಿ ತಿರುಗಲು ಜಾಗವೇ ಇಲ್ಲ ಎಂದು ಅವನು ಪ್ರತಿ ವರ್ಷ ಹೇಳುತ್ತಾನೆ. ಅಮೆರಿಕದವರು 1964ರಲ್ಲಿ ಮೆಕ್ಸಿಕೊದ ಕೂಲಿಗಳನ್ನು ಕರೆಸುವ ಬ್ರಸೇರೊ ಒಪ್ಪಂದ ನಿಲ್ಲಿಸಿದಾಗ ಕ್ಯಾಲಿಫೋರ್ನಿಯಾದ ಟೊಮೆಟೊ ಬೆಳೆಗಾರರು ಕೆಲವೇ ವರ್ಷಗಳಲ್ಲಿ ಯಂತ್ರಕ್ಕೆ ಹೊರಳಿದರು, ಸ್ಥಳೀಯರ ಕೂಲಿ ಏರಲಿಲ್ಲ. ಅವರ ಹೊಲದ ಒಂದು ಮೂಲೆ ನಮ್ಮ ಇಡೀ ಊರಿನಷ್ಟಿರುತ್ತದೆ.

ಕಾಕಾ: ಆಗಲಿ, ಎಲ್ಲರೂ ಪಂಡಿತರಾದಿರಿ. ನಾನು 1971ರಲ್ಲಿ ಪುಣೆಗೆ ಬಂದಾಗ ಭವಾನಿ ಪೇಠೆಯ ಬೆಲ್ಲದ ಅಡತಿಯಲ್ಲಿ ಮೂಟೆ ಹೊತ್ತಿದ್ದೇನೆ. ರಾತ್ರಿ ಅಲ್ಲಿಯೇ ಮಲಗುತ್ತಿದ್ದೆ. ನಾಚಿಕೆಪಡಲಿಲ್ಲ.

ನಾನು: ಮನೆಯಲ್ಲಿ ನಮ್ಮದೇ ಹೊಲ ಇತ್ತಲ್ಲ, ಕಾಕಾ. ಅದನ್ನು ಬಿಟ್ಟು ಮೂಟೆ ಹೊರಲು ಏಕೆ ಬಂದಿರಿ?

'ಕಾಕಾ ಧ್ವನಿ ಮುದ್ರಿಸುತ್ತಿದ್ದಾರೆ' ಎಂದು ಎರಡು ಸಲ ಬಂದು ಎರಡು ಸಲವೂ ಅಳಿಸಿಹೋಯಿತು. ಮೂರನೆಯ ಸಲ ಬಂದ ಸಂದೇಶದಲ್ಲಿ ಕೆಮ್ಮು ಇರಲಿಲ್ಲ.

ಕಾಕಾ: ಊರಿನಲ್ಲಿ ಮೂಟೆ ಹೊತ್ತರೆ ಎಲ್ಲರೂ ನೋಡುತ್ತಿದ್ದರು. ಇಲ್ಲಿ ನನ್ನನ್ನು ಯಾರು ಬಲ್ಲರು? ಎರಡು ವರ್ಷಕ್ಕೆ ಲೆಕ್ಕ ಬರೆಯಲು ಕೂರಿಸಿದರು. ಅಲ್ಲಿಂದ ಬ್ಯಾಂಕಿಗೆ. ಹೊಲದಲ್ಲಿ ಇದ್ದಿದ್ದರೆ ಯಾರು ಕೂರಿಸುತ್ತಿದ್ದರು?

ಅಕ್ಕ: ಇದನ್ನೇ ಅಲ್ಲವೇ ಕಾಕಾ ನನ್ನ ಮಗ ಬೆಳಗಿನಿಂದ ಹೇಳುತ್ತಿರುವುದು?

ಇದಕ್ಕೆ ಉತ್ತರ ಬರುವ ಮೊದಲೇ ಅಣ್ಣನ ಸಂದೇಶ ಬಂತು. ಮುಕಾದಮ ಸಿಕ್ಕಿದ್ದ.

ಅಣ್ಣ: ಗುರುವಾರ ಟೋಳಿ ಬರುತ್ತದೆ. ಕಾರ್ಖಾನೆಯ ದರದ ಮೇಲೆ ಎಕರೆಗೆ ಐದು ಸಾವಿರ ಹೆಚ್ಚಿಗೆ, ಖುಷಾಲಿ ಎಂದು ಕೇಳುತ್ತಿದ್ದಾರೆ. ನಾಲ್ಕು ಎಕರೆಗೆ ಇಪ್ಪತ್ತು ಸಾವಿರ. ಹೊಲ ಮೂವರದು, ಕಬ್ಬಿನ ಬಿಲ್ಲಿನ ಹಣವನ್ನೂ ಮೂವರೂ ತೆಗೆದುಕೊಳ್ಳುತ್ತೇವೆ. ಕಾಕಾ, ನಿಮ್ಮದು ಎಷ್ಟು ಎಂದು ಬರೆದುಕೊಳ್ಳಲಿ?

ವೈನಿ: ಚೌಕಾಸಿ ಮಾಡಬೇಡಿರಿ. ಹೋದ ವರ್ಷ ಟೋಳಿಯಲ್ಲಿ ಬಂದಿದ್ದ ಒಬ್ಬ ಹೆಂಗಸಿನ ಜೊತೆ ಈ ಸಲ ಮಗಳೂ ಬರುತ್ತಾಳಂತೆ.

ಒಂದು ಗಂಟೆ ಯಾರದೂ ಸದ್ದಿಲ್ಲ. ನಾನು ನನ್ನ ಪಾಲನ್ನು ಅಣ್ಣನ ಖಾತೆಗೆ ಹಾಕಿ, ಪಣದ ಐವತ್ತನ್ನೂ ಸೇರಿಸಿ, ಊಟಕ್ಕೆ ಎದ್ದೆ. ಕೈ ತೊಳೆದು ಬಂದು ನೋಡಿದರೆ ಕಾಕಾ ಬರೆದಿದ್ದರು. ಧ್ವನಿಯಲ್ಲ, ಬೆರಳಿನಿಂದ ಒತ್ತಿ ಬರೆದದ್ದು.

ಕಾಕಾ: ಏಳು ಸಾವಿರ ಹಾಕುತ್ತೇನೆ. ಹುಡುಗನಿಗೆ ಹೇಳಿ, ಫೋನಿನಿಂದ ಹಣ ಕಳಿಸುವುದನ್ನು ಸಂಜೆ ಬಂದು ತೋರಿಸಿಕೊಡಲಿ.